ಧರಣೇಂದ್ರಯ್ಯ ಘಮ ಕಟ್ಟಿಹಾಕಿದ್ದು

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಧರಣೇಂದ್ರಯ್ಯ ನಡೆದುಹೋದದ್ದನ್ನು ಕಂಡವರಿಲ್ಲ. ಅವನು ಓಡುತ್ತಿದ್ದ. ಒಂದು ಕೈಯಲ್ಲಿ ಪಂಚೆಯ ತುದಿ, ಇನ್ನೊಂದರಲ್ಲಿ ಏನಾದರೊಂದು ಹೊಸ ಸಾಮಾನು, ಮುಖದ ತುಂಬ ಬೆವರು ಮತ್ತು ಸಂತೋಷ. ಎದುರಿಗೆ ಸಿಕ್ಕವರನ್ನು ಹಿಡಿದು ನಿಲ್ಲಿಸಿ, ಇದು ಏನು ಗೊತ್ತಾ ನಿಮಗೆ, ಎಂದು ಕೇಳುತ್ತಿದ್ದ. ಗೊತ್ತು ಅಂದವರನ್ನೂ ಬಿಡುತ್ತಿರಲಿಲ್ಲ. ಗೊತ್ತಿಲ್ಲ ಅಂದವರಿಗಂತೂ ಅವತ್ತಿನ ಬಸ್ಸು ತಪ್ಪಿದ ಹಾಗೆಯೇ.

ಇಂಥ ಮನುಷ್ಯನಿಗೆ ಕಾಫಿಪುಡಿ ಅಂಗಡಿ ಯಾಕೆ ಬಂತೋ ನನಗೆ ಗೊತ್ತಿಲ್ಲ. ಅಂಗಡಿ ಅವನ ತಂದೆ ಶಾಂತರಾಜಯ್ಯನವರದು. ಮಗನಿಗೆ ಮೀಸೆ ಬರುವ ಮೊದಲೇ ಹುಚ್ಚುಗಳು ಬಂದಿದ್ದವು. ಅರಕಲಗೂಡಿನಲ್ಲಿ ಟೂರಿಂಗ್ ಟಾಕೀಸೊಂದು ಮುಚ್ಚಿಹೋಯಿತೆಂದು ಕೇಳಿ ಅದರ ಪ್ರೊಜೆಕ್ಟರನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಅದು ಒಂದು ದಿನವೂ ಓಡಲಿಲ್ಲ, ಅಟ್ಟ ಹತ್ತಿ ಕೂತಿತು. ಮದುವೆಯಾದ ಹೊಸತರಲ್ಲಿ ಹೊಳೆನರಸೀಪುರದ ಮಾವನ ಮನೆಗೆ ಪ್ರೆಷರ್ ಕುಕ್ಕರ್ ತೆಗೆದುಕೊಂಡು ಹೋಗಿ, ತಾನೇ ಅಡಿಗೆಗೆ ನಿಂತು, ಮುಚ್ಚಳವನ್ನು ಸೂರಿಗೆ ಹಾರಿಸಿದ್ದ. ಹೆಂಡತಿ ಬ್ರಾಹ್ಮಿ ಅವತ್ತೇ ಗಂಡನ ಜಾತಕವನ್ನು ಪೂರ್ತಿ ಓದಿಕೊಂಡುಬಿಟ್ಟಳು. ಆಮೇಲಿಂದ ಅವನು ಓಡಿಬರುವ ಸದ್ದು ಕೇಳಿದರೆ ಒಲೆಯ ಮೇಲಿನದನ್ನು ಮೊದಲು ಕೆಳಗಿಳಿಸುತ್ತಿದ್ದಳು.

ಶಾಂತರಾಜಯ್ಯನವರದು ಇದಕ್ಕೆ ತದ್ವಿರುದ್ಧ. ಮಾತು ಕಡಿಮೆ, ಕೈ ಬಿಗಿ. ಹುರಿಯುವಾಗ ಒಂದು ಬೀಜ ನೆಲಕ್ಕೆ ಬಿದ್ದರೆ ತಡಕಿ ಹುಡುಕಿ ಎತ್ತಿಕೊಳ್ಳುವವರೆಗೆ ಅವರಿಗೆ ಸಮಾಧಾನವಿಲ್ಲ. ಅವರ ಕಾಫಿಪುಡಿಗೆ ಚಿಕೋರಿ ಬೆರೆಸುತ್ತಿರಲಿಲ್ಲ. ಚಿಕೋರಿ ಎಂದರೆ ಗೆಡ್ಡೆ, ಗೆಡ್ಡೆ ಮುಟ್ಟದ ಜೈನರು ಅವರು. ಒಣಗಿಸಿ ಹುರಿದ ಮೇಲೆ ದೋಷವಿಲ್ಲ ಎಂದು ಬೇರೆಯವರು ಸಮಾಧಾನ ಹೇಳಿಕೊಂಡರೂ ಇವರು ಒಪ್ಪಲಿಲ್ಲ. ಹಾಗಾಗಿ ಅವರ ಪುಡಿಗೆ ಕಡುಬಣ್ಣವಿಲ್ಲ, ದಪ್ಪ ಡಿಕಾಕ್ಷನ್ ಇಲ್ಲ, ಇದ್ದದ್ದು ಘಮ ಒಂದೇ. ಅದು ಹೋಯಿತೆಂದರೆ ಉಳಿಯುವುದು ಕಂದುಬಣ್ಣದ ಕಹಿ ಅಷ್ಟೆ.

ಆ ಘಮವನ್ನು ಮಾಡುತ್ತಿದ್ದದ್ದು ಅವರ ಮೂಗು. ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷಗಳಾಗಿದ್ದವು, ಬೀಜದ ಬಣ್ಣ ಕಾಣುತ್ತಿರಲಿಲ್ಲ. ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಹದ ಬಂದ ಗಳಿಗೆಗೆ ಸರಿಯಾಗಿ 'ಇಳಿಸು' ಅನ್ನುತ್ತಿದ್ದರು. ಅರವತ್ತೈದನೇ ಇಸವಿಯ ಚಳಿಗಾಲದಲ್ಲಿ ಅವರಿಗೊಂದು ಕೆಟ್ಟ ನೆಗಡಿ ಬಂದು ಮೂಗು ಕಟ್ಟಿಕೊಂಡಿತು. ಅಂಗಡಿಯಲ್ಲಿ ಒಲೆ ಹಚ್ಚದೆ ಸುಮ್ಮನೆ ಕೂತರು, ಊಟ ಸೇರಲಿಲ್ಲ. ನೆಗಡಿ ಬಿಟ್ಟಿತು, ಮೂಗು ಬಂತು, ಆದರೆ ಹೆದರಿಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೆ ಅವರು ಜುಬ್ಬದ ಜೇಬಿನಿಂದ ಒಂದು ಕಾಫಿಬೀಜ ತೆಗೆದು ಮೂಸಿ ನೋಡುವುದನ್ನು ಬ್ರಾಹ್ಮಿ ಕಂಡಿದ್ದಳು. ಧರಣೇಂದ್ರಯ್ಯ ಕಂಡಿರಲಿಲ್ಲ. ಅವನಿಗೆ ಪುರುಸೊತ್ತೆಲ್ಲಿ.

ಅರವತ್ತಾರರ ದೀಪಾವಳಿ ಕಳೆದ ಮೇಲೆ ಅವನು ಬೆಂಗಳೂರಿನಿಂದ ಪಾಲಿಥೀನ್ ತಂದ. ಗಾಜಿನ ಹಾಗೆ ಕಾಣುವ, ಬಟ್ಟೆಯ ಹಾಗೆ ಮಡಿಸುವ ಹಾಳೆ. ಅದರಲ್ಲಿ ನೀರು ತುಂಬಿಸಿ, ಬಾಯಿ ಕಟ್ಟಿ, ಅಂಗಡಿ ಬಾಗಿಲಿಗೆ ತೂಗುಹಾಕಿದ. ಒಂದು ಹನಿ ಸೋರಲಿಲ್ಲ. ಸಂಜೆಯ ತನಕ ಜನ ಬಂದು ಮುಟ್ಟಿ ನೋಡಿ ಹೋದರು. ಮುಂದಿನ ವರ್ಷ ಶ್ರವಣಬೆಳಗೊಳದಲ್ಲಿ ಮಸ್ತಕಾಭಿಷೇಕ. ದೇಶದ ಮೂಲೆಮೂಲೆಯಿಂದ ಜೈನರು ಬರುತ್ತಾರೆ, ಗೆಡ್ಡೆ ಬೆರೆಸದ ಕಾಫಿ ಕೇಳಿದರೆ ಬೆಟ್ಟದ ಬುಡದಲ್ಲಿ ಕೊಡುವವರು ಯಾರಿದ್ದಾರೆ? ಈ ಹಾಳೆಯಲ್ಲಿ ಪುಡಿ ಕಟ್ಟಿ, ಮೇಲೆ ಅಪ್ಪಯ್ಯನ ಹೆಸರು ಅಚ್ಚು ಹಾಕಿಸಿ ಇಟ್ಟರೆ, ಅದು ಬೊಂಬಾಯಿಗೂ ಹೋಗುತ್ತದೆ, ಜೈಪುರಕ್ಕೂ ಹೋಗುತ್ತದೆ. ಯೋಚನೆ ಬಂದ ಕೂಡಲೇ ಅವನ ಕಣ್ಣಲ್ಲಿ ನೀರು ಬಂತು. ಅವನ ಸಂತೋಷಕ್ಕೂ ಅಳುವಿಗೂ ನಡುವೆ ಬಾಗಿಲೇ ಇರಲಿಲ್ಲ.

ಕಟ್ಟಿದ ಮೊದಲ ಪೊಟ್ಟಣಗಳನ್ನು ಕಪಾಟಿನಲ್ಲಿ ಇಂಗಿನ ಡಬ್ಬದ ಪಕ್ಕ ಜೋಡಿಸಿ, ಕೆಲವು ದಿನ ಬಿಟ್ಟು ಬಸ್‌ಸ್ಟ್ಯಾಂಡಿನ ಹೋಟೆಲು ಕೃಷ್ಣಪ್ಪನಿಗೆ ಕೊಟ್ಟ. ಮಾರನೆಯ ದಿನ ಕೃಷ್ಣಪ್ಪ ಲೋಟ ಹಿಡಿದುಕೊಂಡೇ ಅಂಗಡಿಗೆ ಬಂದ. ಬೈಯಲಿಲ್ಲ, ಲೋಟವನ್ನು ಶಾಂತರಾಜಯ್ಯನವರ ಮುಂದಿಟ್ಟು ಕೇಳಿದ. "ಇದು ಕಾಫಿಯೋ ತಿಳಿಸಾರೋ ನೀವೇ ಯೋಳ್ಬುಡಿ ಅಯ್ನೋರೆ. ಇಂಗಿನ ಒಗ್ಗರಣೆ ಆಕ್ದಂಗದೆ."

ಶಾಂತರಾಜಯ್ಯನವರು ಲೋಟ ಮುಟ್ಟಲೇ ಇಲ್ಲ. ಕಪಾಟಿನ ಹತ್ತಿರ ಹೋಗಿ ಒಂದು ಪೊಟ್ಟಣ ಎತ್ತಿ ಮೂಗಿಗೆ ಹಿಡಿದರು. ಕಟ್ಟಿದ ಪೊಟ್ಟಣದ ಹೊರಗೇ ಕಾಫಿ ಘಮಘಮ ಅನ್ನುತ್ತಿತ್ತು. ಒಳಗಿನ ಘಮ ಹೊರಗೆ ಬಂದಿತ್ತು, ಹೊರಗಿನ ಇಂಗು ಒಳಗೆ ಹೋಗಿತ್ತು. ನೀರಿಗೆ ದಾರಿ ಕೊಡದ ಹಾಳೆ ವಾಸನೆಗೆ ಹೆಬ್ಬಾಗಿಲನ್ನೇ ತೆರೆದಿತ್ತು.

"ಧರಣ, ನನ್ನ ಮೂಗಿಗೆ ಹೊರಗಡೆ ವಾಸನೆ ಬರೋ ಪೊಟ್ಟಣದ ಮೇಲೆ ನನ್ನ ಹೆಸರು ಬೇಡ," ಎಂದರು. "ಬರದೇ ಇರೋ ದಿನ ಹಾಕಿಸು. ಅಲ್ಲೀತನಕ ಬೆಳಗೊಳದ ಮಾತು ಎತ್ತಬೇಡ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಧರಣೇಂದ್ರಯ್ಯನಿಗೆ ಅವಮಾನ ಆಗಲಿಲ್ಲ ಎಂದಲ್ಲ. ಪ್ರೊಜೆಕ್ಟರಿನ ಕಾಲದಿಂದಲೂ ಅಪ್ಪ ಒಂದೇ ಒಂದು ಸಲ ಭೇಷ್ ಅನ್ನಲಿ ಎಂದು ಅವನು ಕಾಯುತ್ತಿದ್ದ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು, ಭೇಷ್ ಬಂದಿರಲಿಲ್ಲ. ಆದರೆ ಅವಮಾನಕ್ಕಿಂತ ದೊಡ್ಡದಾಗಿ ಅವನನ್ನು ಹಿಡಿದದ್ದು ಬೆರಗು. ತೂತಿಲ್ಲದ ಹಾಳೆಯಲ್ಲಿ ಘಮ ಎಲ್ಲಿಂದ ನುಸುಳಿತು? ಊಟಕ್ಕೆ ಕೂತಾಗ ಕೇಳಿದ, ಎದ್ದಾಗ ಕೇಳಿದ, ಕೇಳಿ ಕೇಳಿ ಬ್ರಾಹ್ಮಿಯ ಪ್ರಾಣ ತಿಂದ.

ಉತ್ತರ ಅವನ ಮನೆಯ ಜಗಲಿಯಲ್ಲೇ ಸಿಕ್ಕಿತು. ಬ್ರಾಹ್ಮಿ ಅಲ್ಲಿ ಕೂತು ಹೊಸ ಮೊರಕ್ಕೆ ಮೆಂತ್ಯ ಬಳಿಯುತ್ತಿದ್ದಳು. ಹಳೆ ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ ನುಣ್ಣಗೆ ರುಬ್ಬಿ, ಬಿದಿರಿನ ಸಂದಿಗಳಿಗೆ ಮೆತ್ತಿ ಒಣಗಿಸುವುದು. ಹಾಗೆ ಮಾಡದಿದ್ದರೆ ಹಿಟ್ಟು ಕೇರುವಾಗ ಕೆಳಗೆ ಉದುರುತ್ತದೆ. ಧರಣೇಂದ್ರಯ್ಯ ಜಗಲಿ ದಾಟುತ್ತಿದ್ದವನು ಒಂದು ಕಾಲು ಎತ್ತಿಕೊಂಡೇ ನಿಂತ. ಬಳಿಯದ ಮೊರದಲ್ಲಿ ಕಾಳು ನಿಲ್ಲುತ್ತದೆ, ಹಿಟ್ಟು ಸೋರುತ್ತದೆ. ಪಾಲಿಥೀನಿನಲ್ಲಿ ನೀರು ನಿಲ್ಲುತ್ತದೆ, ಘಮ ಸೋರುತ್ತದೆ. ಅದೂ ಒಂದು ಮೊರವೇ, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಹೆಣಿಗೆಯ ಮೊರ. ಬಳಿದರೆ ಮುಚ್ಚಬೇಕು. ಬ್ರಾಹ್ಮಿಯ ಕೈಯಿಂದ ಮೆಂತ್ಯದ ಬೋಗುಣಿ ಕಿತ್ತುಕೊಂಡು ಅವನು ಓಡಿದ. ಅವಳ ಮೊರ ಅರ್ಧಕ್ಕೇ ಉಳಿಯಿತು.

ಬಳಿದದ್ದು ಹಾಳೆಯ ಮೇಲೆ ನಿಲ್ಲಲಿಲ್ಲ. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ಜಾರಿತು. ದಪ್ಪಗೆ ಮೆತ್ತಿದ್ದು ಒಣಗಿ, ಹಾವಿನ ಪೊರೆಯ ಹಾಗೆ ಪೂರ್ತಿ ಕಳಚಿ ಬಂತು. ಅಲ್ಲದೆ ಮೆಂತ್ಯಕ್ಕೆ ತನ್ನದೇ ವಾಸನೆ ಬೇರೆ ಇದೆಯಲ್ಲ. ಇಂಗಿನ ಕಾಫಿ ಹೋಗಿ ಮೆಂತ್ಯದ ಕಾಫಿ ಆಯಿತು. ಕೃಷ್ಣಪ್ಪನಿಗೆ ಅದನ್ನು ಕೊಡುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಳೆಗೆ ಏನಾದರೂ ಅಂಟುವುದೇ ಆದರೆ ಅದು ಗೊತ್ತಿರಬೇಕಾದವರು ಅಚ್ಚು ಹಾಕುವವರು ಎಂದು ಅವನಿಗೆ ಹೊಳೆಯಿತು. ಹಾಸನದ ಬಸ್ಸು ಹತ್ತಿದ. ಅಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡಿದ್ದ ಬಸವರಾಜು ಲಗ್ನಪತ್ರಿಕೆ, ಬಿಲ್‌ಬುಕ್ಕು ಅಚ್ಚು ಹಾಕುವವನು. ಪಾಲಿಥೀನಿನ ಮೇಲೂ ಅಕ್ಷರ ಕೂರಿಸಲು ಹೋಗಿ, ಒರೆಸಿದರೆ ಹೋಗುವ ಅಕ್ಷರ ಕಂಡು, ಬೆಂಗಳೂರಿಗೆ ಹೋಗಿ ಕೇಳಿಕೊಂಡು ಬಂದಿದ್ದ. ಬಚ್ಚಿಡುವ ಬುದ್ಧಿ ಇಲ್ಲದ ಮನುಷ್ಯ. ಟೀ ತರಿಸಿಕೊಟ್ಟು ಎಲ್ಲ ಹೇಳಿದ.

"ಇದರ ಮೈ ಎಣ್ಣೆ ಸವರ್ದಂಗೆ ಧರಣೇಂದ್ರಯ್ಯನೋರೆ, ಇಂಕು ಕೂರಲ್ಲ. ಒಂದು ಕಿತ ನೀಲಿ ಉರಿ ಸೋಕಿಸಿಬುಟ್ರೆ ಕೂರ್ತದೆ. ಸುಡಬಾರ್ದು, ಬರೀ ಸೋಕಿಸ್ಬೇಕು ಕಣಿ."

ಸೋಕಿಸುವುದು ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ ಬಸವರಾಜು ನಕ್ಕು ತನ್ನ ಬೆರಳುಗಳನ್ನು ತೋರಿಸಿದ. ಎರಡಕ್ಕೆ ಬಟ್ಟೆ ಸುತ್ತಿತ್ತು.

ಪಂಪ್ ಸ್ಟೌವನ್ನು ಹಿತ್ತಲಿಗೆ ತಂದು ಧರಣೇಂದ್ರಯ್ಯ ಶುರುಮಾಡಿದ. ಕತ್ತಲಾದ ಮೇಲೆ ಮಾಡಿದರೆ ಉರಿ ಚೆನ್ನಾಗಿ ಕಾಣುತ್ತಿತ್ತು, ಆದರೆ ಬ್ರಾಹ್ಮಿ ಬಿಡಲಿಲ್ಲ. ಉರಿಗೆ ಹುಳು ಬಂದು ಬೀಳುತ್ತವೆ, ಒಂದು ಪೊಟ್ಟಣಕ್ಕೆ ಎಷ್ಟು ಜೀವ ತೆಗೆಯುತ್ತೀರಿ ಎಂದು ಕೇಳಿದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು, ಅವಳ ಮಾತಿಗೆ ಎದುರುಮಾತಿರಲಿಲ್ಲ. ಹಾಗಾಗಿ ಕೆಲಸವೆಲ್ಲ ಬಟಾಬಯಲ ಬಿಸಿಲಿನಲ್ಲಿ. ನೀಲಿ ಉರಿ ಬಿಸಿಲಿನಲ್ಲಿ ಕಾಣುವುದಿಲ್ಲ. ಎಲ್ಲಿದೆ ಎಂದು ಕೈಯಿಂದಲೇ ಹುಡುಕಬೇಕು. ಅವನು ಹುಡುಕಿದ, ಸಿಕ್ಕಿತು, ಕೂಗಿಕೊಂಡ. ಹಾಳೆಗಳು ಮುದುರಿ ಕಡಲೆಕಾಯಿಯಷ್ಟಾದವು. ಮುಂಗೈ ರೋಮ ಒಂದೂ ಉಳಿಯಲಿಲ್ಲ.

ಕೊನೆಗೆ ಅವನಿಗೆ ಚಿಕ್ಕಂದಿನ ಒಂದು ಆಟ ನೆನಪಿಗೆ ಬಂತು. ಮುತ್ತುಗದ ಎಲೆಯ ದೊನ್ನೆಯಲ್ಲಿ ನೀರು ಹಾಕಿ ಬೆಂಕಿಗೆ ಹಿಡಿದರೆ ನೀರು ಕಾಯುತ್ತದೆ, ಎಲೆ ಸುಡುವುದಿಲ್ಲ. ಹಿತ್ತಾಳೆ ಬಿಂದಿಗೆಗೆ ತಣ್ಣೀರು ತುಂಬಿ, ಅದೂ ಬಟ್ಟೆಯಲ್ಲಿ ಸೋಸಿದ ನೀರೇ, ಅದರ ಹೊಟ್ಟೆಗೆ ಹಾಳೆ ಸುತ್ತಿ, ಉರಿಯ ಮುಂದೆ ಬಿಂದಿಗೆಯನ್ನು ಸರಸರ ಉರುಳಿಸಿದ. ಹಾಳೆ ಮುದುರಲಿಲ್ಲ. ಮೊದಲು ಹೇಗಿತ್ತೋ ಹಾಗೇ ಕಂಡಿತು. ಆಗಲಿಲ್ಲವೇನೋ ಎಂದುಕೊಂಡು ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿದ. ನೀರು ಗುಂಡಾಗಲಿಲ್ಲ. ಹರಡಿತು, ಹಾಳೆಗೆ ಮೆತ್ತಿಕೊಂಡು ಹರಡಿತು.

ಅವನು ಆ ಹಾಳೆ ಹಿಡಿದು ಬೀದಿಗೆ ಓಡಿದ ದಿನವನ್ನು ಪೇಟೆಯವರು ಬಹಳ ಕಾಲ ಆಡಿಕೊಂಡರು. ಒದ್ದೆ ಹಾಳೆ ತೋರಿಸಿ, ನೋಡಿ ಒದ್ದೆಯಾಗಿದೆ, ನೋಡಿ ಒದ್ದೆಯಾಗಿದೆ ಎಂದು ಅಂಗಡಿ ಅಂಗಡಿಗೂ ಹೇಳಿದನಂತೆ. ನೀರು ಬಿದ್ದರೆ ಒದ್ದೆಯಾಗದೆ ಇನ್ನೇನಾಗುತ್ತದೆ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನನ್ನು ಕೇಳಿದರೆ, ಆ ಬೀದಿಯಲ್ಲಿ ಅವತ್ತು ಸಂತೋಷ ಎಂದರೇನೆಂದು ಗೊತ್ತಿದ್ದವನು ಅವನೊಬ್ಬನೇ.

ಇನ್ನು ಬಳಿಯುವುದಕ್ಕೆ ವಾಸನೆಯಿಲ್ಲದ ಒಂದು ಅಂಟು ಬೇಕು. ಪಕ್ಕದ ಬೀದಿಯ ಬಡಗಿಯ ಹತ್ತಿರ ಹೊಳೆಯುವ ಕಂದು ಬಿಲ್ಲೆಗಳಿದ್ದವು, ಕಾಯಿಸಿದರೆ ಅಂಟಾಗುತ್ತಿದ್ದವು. ನೋಡಲು ಥೇಟ್ ಮರದ ಗೋಂದಿನ ಹಾಗೇ. ಮರಗೆಲಸದವನ ಅಂಟು ಮರದ್ದಲ್ಲದೆ ಇನ್ನೆಲ್ಲಿಯದು ಎಂದುಕೊಂಡ ಧರಣೇಂದ್ರಯ್ಯ ಕೇಳುವ ಗೋಜಿಗೆ ಹೋಗಲಿಲ್ಲ. ಅಪ್ಪನೂ ಹೆಂಡತಿಯೂ ಶ್ರವಣಬೆಳಗೊಳಕ್ಕೆ ಹೋಗಿದ್ದ ದಿನ ನೋಡಿ, ಹಾಲು ಕಾಯಿಸುವ ಪಾತ್ರೆಯಲ್ಲೇ ಅದನ್ನು ಕಾಯಿಸಿದ. ಉರಿ ಸೋಕಿಸಿದ ಹಾಳೆಗೆ ಬಳಿದ. ಬಳಿದದ್ದು ಕನ್ನಡಿಯ ಹಾಗೆ ಕೂತಿತು. ಒಬ್ಬನೇ ಮನೆಯಲ್ಲಿ ಕುಣಿದ.

ಸಂಜೆ ಶಾಂತರಾಜಯ್ಯನವರು ಬಸ್ಸಿಳಿದು ಬಂದವರು ಹೊಸ್ತಿಲ ಆಚೆಗೇ ನಿಂತರು. ಒಳಗೆ ಕಾಲಿಡಲಿಲ್ಲ. ಮೂಗು ಒಂದು ಸಲ ಅರಳಿತು, ಮುಖ ಕಪ್ಪಿಟ್ಟಿತು.

"ಮನೇಲಿ ಚರ್ಮ ಬೇಯಿಸಿದವರು ಯಾರು?" ಎಂದು ಕೇಳಿದರು.

ಆ ಬಿಲ್ಲೆ ದನದ ಮೂಳೆ, ಚರ್ಮ ಕುದಿಸಿ ತೆಗೆದದ್ದು ಎಂದು ಬಡಗಿ ಬಂದು ಹೇಳಿದ ಮೇಲೆ ಧರಣೇಂದ್ರಯ್ಯನ ಕಾಲ ಕೆಳಗಿನ ನೆಲ ಹೋಯಿತು. ಪಾತ್ರೆ ಊರಾಚೆ ಹೋಯಿತು. ಆ ಮನೆಯಲ್ಲಿ ಒಲೆ, ನೆಲ, ಗೋಡೆ ಎಲ್ಲವನ್ನೂ ತೊಳೆದರು. ಬ್ರಾಹ್ಮಿ ಗಂಡನ ಜೊತೆ ಮಾತು ಬಿಟ್ಟಳು. ಅಪ್ಪ ಬೈದಿದ್ದರೆ ಪರವಾಗಿರಲಿಲ್ಲ, ಬೈಯಲೂ ಇಲ್ಲ. ಉಪವಾಸ ಕೂತರು. ಮಗನೂ ಕೂತ. ಅವನು ತಾನಾಗಿ ಊಟ ಬಿಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಅಷ್ಟಕ್ಕೆ ನಿಲ್ಲಿಸುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನೂ ಅಂದುಕೊಂಡ. ಮತ್ತೆ ಮಾತು ಶುರುಮಾಡಿದವಳು ಬ್ರಾಹ್ಮಿಯೇ. ಅವನು ಸುಮ್ಮನೆ ಕೂತು ಪುಡಿ ತೂಗುವುದನ್ನು ಅವಳಿಂದ ನೋಡಲಾಗಲಿಲ್ಲ; ಹತ್ತು ಪಾತ್ರೆ ಹಾಳಾದರೂ ಚಿಂತೆಯಿಲ್ಲ, ಈ ಮನುಷ್ಯ ಓಡುವುದು ಬಿಟ್ಟು ನಡೆಯುವುದು ಬೇಡ ಅನ್ನಿಸಿತು.

"ಬಾಗೂರಿನ ಕಂಬಳಿ ಬೈರಯ್ಯ ಬಂದಿದ್ದ. ಅವನ ಕಂಬಳೀನ ಗಾಳಿ ಕೂಡ ಹಾಯಲ್ಲ," ಎಂದಳು. "ಏನು ಬಳೀತಾನೆ ಅಂತ ಕೇಳ್ಕೊಂಡು ಬನ್ನಿ. ಈ ಸಲ ಕೇಳಿ, ಆಮೇಲೆ ಮಾಡಿ."

ಅವನು ಬಾಗೂರಿಗೆ ಓಡಿದ. ಬೈರಯ್ಯ ಬಳಿಯುತ್ತಿದ್ದದ್ದು ಹುಣಸೆಬೀಜದ ಗಂಜಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಬೇಯಿಸಿದ ಗಂಜಿ. ಅದನ್ನು ತಿಕ್ಕಿದ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತಿತ್ತು, ಮಳೆ ಬಂದರೂ ಒಳಗೆ ಇಳಿಯುತ್ತಿರಲಿಲ್ಲ. ಬೀಜ ಯಾವುದು, ನೀರು ಯಾವುದು, ಬೇರೆ ಏನಾದರೂ ಸೇರಿಸುತ್ತೀಯಾ, ಹುಳು ಹುಪ್ಪಟೆ, ಮೂಳೆ ಗೀಳೆ, ಎಂದು ಧರಣೇಂದ್ರಯ್ಯ ಕೇಳಿದ್ದನ್ನೇ ಕೇಳಿದ. ಬೈರಯ್ಯನಿಗೆ ಸಾಕಾಗಿ ಹೋಯಿತು.

"ಉಣಸೆಬೀಜಕ್ಕೆ ಎಲ್ಲೀ ಮೂಳೆ ಸಾಮಿ? ತೆಳ್ಳಗೆ ಬಳೀರಿ. ಮಂದ ಆದ್ರೆ ಬಿರೀತದೆ. ಒಣಗಿದ್‌ ಮ್ಯಾಲೆ ಇನ್ನೊಂದು ಕಿತ ಬಳೀರಿ, ಅಷ್ಟೇಯ."

ಈ ಸಲ ಗಂಜಿ ಬೇಯಿಸಿದವಳು ಬ್ರಾಹ್ಮಿ. ಬಳಿದದ್ದು ಹಾಳೆಯ ಒಳಮೈಗೆ, ಹೊರಗಿನ ತೇವ ಗಂಜಿಗೆ ತಾಗದಿರಲೆಂದು. ಒಂದು ತೊಡಕು ಉಳಿದಿತ್ತು. ಗಂಜಿ ಬಳಿದ ಕಡೆ ಹಾಳೆಗೆ ಹಾಳೆ ಬೆಸೆಯುತ್ತಿರಲಿಲ್ಲ, ದೀಪಕ್ಕೆ ತೋರಿಸಿದರೆ ಗಂಜಿ ಸೀಯುತ್ತಿತ್ತು. ಅಂಚಿಗೆ ಉರಿ ಸೋಕಿಸದಿದ್ದರೆ ಅಲ್ಲಿ ಗಂಜಿ ಕೂರುವುದೇ ಇಲ್ಲವಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು, ಒಟ್ಟಿಗೇ ಬಾಯಿ ತೆರೆದು, ಇಬ್ಬರೂ ನಕ್ಕರು. ಹಾಳೆಯ ಅಂಚಿಗೆ ಒದ್ದೆ ಬಟ್ಟೆಯ ಪಟ್ಟಿ ಕಟ್ಟಿ ಉರಿಯ ಮುಂದೆ ಉರುಳಿಸಿದರು. ಗಂಜಿ ಅಂಚಿನಿಂದ ತಾನಾಗಿ ಜಾರಿ ನಡುವೆ ಮಾತ್ರ ನಿಂತಿತು. ಮಡಿಸಿ, ಪುಡಿ ತುಂಬಿ, ಎರಡು ಗರಗಸದ ಅಲಗಿನ ನಡುವೆ ಅಂಚು ಹಿಡಿದು ದೀಪಕ್ಕೆ ತೋರಿಸಿದರೆ ಬೆಸುಗೆ ಕೂತಿತು. ಮೂರು ವಾರವಾಗಿತ್ತೋ ಏನೋ, ಅವರಿಬ್ಬರೂ ಅಷ್ಟು ಹತ್ತಿರ ಕೂತು ಮಾತಾಡಿ.

ಪೊಟ್ಟಣಗಳನ್ನು ತೊಳೆದು ಒಣಗಿಸಿದ ತಗಡಿನ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿದರು. ಇಂಗಿನ ಪಕ್ಕದಲ್ಲೇ ಇಟ್ಟರು. ಡಬ್ಬದಲ್ಲಿ ವಾಸನೆ ತುಂಬಿದ್ದರೆ ಪೊಟ್ಟಣ ಸೋರಿದೆ ಎಂದರ್ಥ, ಅಲ್ಲಿಗೆ ಬೆಳಗೊಳದ ಆಸೆ ಮುಗಿಯಿತು. ಕಾಯುವುದು ಧರಣೇಂದ್ರಯ್ಯನಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಡಬ್ಬದ ಸುತ್ತ ಸುತ್ತಿದ. ಬ್ರಾಹ್ಮಿ ಅದರ ಮೇಲೆ ಒರಳಿನ ಗುಂಡುಕಲ್ಲು ಹೇರಿಟ್ಟಳು, ಮೆಲ್ಲಗೆ ಬಗ್ಗಿ ತೆರೆದುಬಿಟ್ಟಾನು ಎಂದು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಶಾಂತರಾಜಯ್ಯನವರೇ ಬಂದು, ಇಂಗನ್ನು ದೂರ ಇಡಿಸಿ, ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕಣ್ಣು ಮುಚ್ಚಿದರು. ಮಗ ಗುಂಡುಕಲ್ಲು ಇಳಿಸಿ ಮುಚ್ಚಳ ಎತ್ತಿದ. ಅವರು ಡಬ್ಬದೊಳಗೆ ಮುಖ ಹಾಕಿ ಉಸಿರು ಎಳೆದರು. ಮತ್ತೆ ಎಳೆದರು. ಒಂದು ಪೊಟ್ಟಣ ಕೈಗೆತ್ತಿಕೊಂಡು ಮೂಗಿನ ಎರಡೂ ಹೊಳ್ಳೆಗೆ ಒತ್ತಿಕೊಂಡರು. ಅದರ ಮೇಲೆ ಬೆರಳಾಡಿಸಿದರು. ಒಳಗೆ ಪುಡಿ ಇತ್ತು, ಬೆರಳಿಗೆ ತಿಳಿಯುತ್ತಿತ್ತು.

ಗೆದ್ದೆ ಎಂದು ಧರಣೇಂದ್ರಯ್ಯನಿಗೆ ಗೊತ್ತಾಗಿಹೋಗಿತ್ತು. ಇನ್ನೇನು ಕೂಗಬೇಕು, ಬೀದಿಗೆ ಓಡಬೇಕು, ಅಷ್ಟರಲ್ಲಿ ಅಪ್ಪನ ಇನ್ನೊಂದು ಕೈ ಕಣ್ಣಿಗೆ ಬಿತ್ತು. ಅವರು ಜುಬ್ಬದ ಜೇಬು ತಡಕುತ್ತಿದ್ದರು, ದಿನಾ ಮೂಸುವ ಬೀಜಕ್ಕಾಗಿ. ಅವತ್ತು ಎದ್ದವರೇ ಹೊಸ ಜುಬ್ಬ ತೊಟ್ಟು ನೇರ ಡಬ್ಬದ ಹತ್ತಿರ ಬಂದಿದ್ದರು, ಜೇಬಿನಲ್ಲಿ ಬೀಜವಿರಲಿಲ್ಲ.

"ಧರಣ," ಎಂದರು, "ನನ್ನ ಮೂಗು ಹೋಯ್ತು ಕಣಪ್ಪ. ಏನೂ ಬರ್ತಾ ಇಲ್ಲ."

ಇಷ್ಟು ದಿನ ಎಲ್ಲವನ್ನೂ ಯೋಚಿಸಿದ್ದ ಧರಣೇಂದ್ರಯ್ಯ ಇದೊಂದನ್ನು ಯೋಚಿಸಿರಲಿಲ್ಲ. ಅವನ ಗೆಲುವು ಅಪ್ಪನಿಗೆ ಹೀಗೆ ಕಾಣುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹೋಗಿಲ್ಲ ಅಪ್ಪಯ್ಯ, ಹೋಗಿಲ್ಲ ಎನ್ನುತ್ತ ಅವರ ಕೈಯಿಂದ ಪೊಟ್ಟಣ ಕಿತ್ತುಕೊಂಡು ಹರಿಯಲು ನೋಡಿದ. ಬೆಸುಗೆ ಬಿಡಲಿಲ್ಲ. ಉಗುರು ಜಾರಿತು, ಸುಟ್ಟ ಬೆರಳು ಉರಿಯಿತು. ತಾನೇ ಮಾಡಿದ ಅಂಚಿಗೆ ತಾನೇ ಶಾಪ ಹಾಕುತ್ತ ಹಲ್ಲಿನಿಂದ ಕಚ್ಚಿ ಎಳೆದ. ಪರ್ರನೆ ಹರಿಯಿತು.

ಅಷ್ಟು ದಿನ ಒಳಗೆ ಕೂಡಿಟ್ಟಿದ್ದ ಘಮ ಒಂದೇ ಏಟಿಗೆ ಹೊರಗೆ ನುಗ್ಗಿತು. ಅವತ್ತೇ ಹುರಿದು ಅವತ್ತೇ ಬೀಸಿದ ಘಮ. ಅಡಿಗೆಮನೆಯಲ್ಲಿದ್ದ ಬ್ರಾಹ್ಮಿಗೂ ಬಡಿದು ಅವಳು ಬಾಗಿಲಿಗೆ ಬಂದಳು. ಶಾಂತರಾಜಯ್ಯನವರ ಮೂಗು ಅರಳಿತು. ಅವರು ಉಸಿರು ಎಳೆದರು, ಬಿಡಲೇ ಮನಸ್ಸಿಲ್ಲದವರಂತೆ ಎಳೆದರು. ಪೊರೆ ಬಂದ ಕಣ್ಣುಗಳಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತು. ಹರಿದ ಭರದಲ್ಲಿ ಅರ್ಧ ಪುಡಿ ನೆಲಕ್ಕೆ ಚೆಲ್ಲಿತ್ತು. ಬಿದ್ದ ಒಂದು ಬೀಜಕ್ಕೆ ನೆಲ ತಡಕುವ ಮನುಷ್ಯ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಇನ್ನೊಂದು ಬಿಚ್ಚು," ಎಂದರು.

ಧರಣೇಂದ್ರಯ್ಯ ಬಿಚ್ಚಿದ. ಅವರು ಮತ್ತೊಂದು ಅಂದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಡಬ್ಬ ಖಾಲಿಯಾಯಿತು. ಬೆಳಗೊಳಕ್ಕೆಂದು ಕಟ್ಟಿದ ಪೊಟ್ಟಣಗಳನ್ನೆಲ್ಲ ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು, ಈ ಸಲ ಶಾಂತರಾಜಯ್ಯನವರ ಹೆಸರು ಅಚ್ಚು ಹಾಕಿಸಿ.